ನೂರಕ್ಕೆ ಎಷ್ಟು? ಯಾವುದರ ನೂರಕ್ಕೆ?

ಬಡ್ಡಿ ಲೆಕ್ಕ ನಮಗೆ ಯಾರೂ ಹೇಳಿಕೊಟ್ಟಿಲ್ಲ. ಆದರೂ ಬರುತ್ತದೆ.

"ನೂರಕ್ಕೆ ಮೂರು ರೂಪಾಯಿ ಕಣಮ್ಮಾ. ಬೇಕಿದ್ರೆ ತಗೋ, ಬೇಡದಿದ್ರೆ ಬಿಡು" ಅನ್ನುತ್ತಾರೆ ಸಾಲ ಕೊಡುವವರು. ನಾವು ಬಾಗಿಲಲ್ಲಿ ನಿಂತೇ ಲೆಕ್ಕ ಹಾಕುತ್ತೇವೆ. ಸಾವಿರಕ್ಕೆ ಮೂವತ್ತು. ಐದು ಸಾವಿರಕ್ಕೆ ನೂರೈವತ್ತು. ಹತ್ತು ಸಾವಿರಕ್ಕೆ ಮುನ್ನೂರು. ಇದಕ್ಕೆ ಪೆನ್ನೂ ಬೇಡ, ಕಾಗದವೂ ಬೇಡ.

ಅದೇ ಸಂಬಳದ ಚೀಟಿ ಕೈಗೆ ಬಂದಾಗ ಏನು ಮಾಡುತ್ತೇವೆ? ನಮ್ಮ ಕಣ್ಣು ನೇರ ಕೊನೆಯ ಸಾಲಿಗೆ ಹೋಗುತ್ತದೆ. ಕೈಗೆ ಎಷ್ಟು ಬಂತು? ಅಷ್ಟೇ ನೋಡುತ್ತೇವೆ. ಆಮೇಲೆ ಮಡಚಿ ಪರ್ಸಿನಲ್ಲಿ ಇಡುತ್ತೇವೆ. ನಡುವಿನ ಸಾಲುಗಳಲ್ಲಿ ಪಿ.ಎಫ್. 12%, ಇ.ಎಸ್.ಐ. 0.75% ಅಂತೆಲ್ಲ ಬರೆದಿರುತ್ತದೆ. "ಅದೆಲ್ಲ ಆಫೀಸಿನವರ ಲೆಕ್ಕ, ನಮಗ್ಯಾಕೆ?" ಅಂದುಕೊಳ್ಳುತ್ತೇವೆ.

ಅದು ನಮ್ಮ ಲೆಕ್ಕವೇ. ಬಡ್ಡಿಯ ಲೆಕ್ಕ ಬಂದವರಿಗೆ ಆ ಲೆಕ್ಕವೂ ಬರುತ್ತದೆ. ಎರಡೂ ಒಂದೇ ಲೆಕ್ಕ. ಬನ್ನಿ, ನೋಡೋಣ.

ಎರಡು ಸೊನ್ನೆ, ಒಂದು ಓರೆ ಗೆರೆ

ಶೇಕಡಾ ಅಂದರೆ 'ನೂರಕ್ಕೆ'. ಪರ್ಸೆಂಟ್ ಅಂದರೂ ಅದೇ. ಪತ್ರಿಕೆಯಲ್ಲಿ ಚಿಕ್ಕದಾಗಿ 'ಶೇ.' ಅಂತ ಬರೆಯುತ್ತಾರೆ. ಚೀಟಿಯಲ್ಲಿ, ಅಂಗಡಿಯ ಬೋರ್ಡಿನಲ್ಲಿ % ಗುರುತು ಹಾಕುತ್ತಾರೆ. ಗುರುತನ್ನು ಸರಿಯಾಗಿ ನೋಡಿ. ನಡುವೆ ಒಂದು ಓರೆ ಗೆರೆ. ಆಚೆ ಈಚೆ ಒಂದೊಂದು ಸೊನ್ನೆ. ನೂರರಲ್ಲೂ ಎರಡು ಸೊನ್ನೆ ಇವೆಯಲ್ಲ, ಹಾಗೇ ನೆನಪಿಟ್ಟುಕೊಳ್ಳಿ.

12% ಅಂದರೆ ನೂರಕ್ಕೆ ಹನ್ನೆರಡು. 50% ಅಂದರೆ ನೂರಕ್ಕೆ ಐವತ್ತು, ಅಂದರೆ ಅರ್ಧ. 25% ಅಂದರೆ ಕಾಲು ಭಾಗ. 100% ಅಂದರೆ ಪೂರ್ತಿ.

ನಮ್ಮ ವಿಷಯವೇ ತೆಗೆದುಕೊಳ್ಳಿ. 1991ರ ಜನಗಣತಿಯಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 44 ಜನಕ್ಕೆ ಓದು ಬರಹ ಬರುತ್ತಿತ್ತು. 2011ರ ಜನಗಣತಿಯಲ್ಲಿ ಅದು ನೂರಕ್ಕೆ 68 ಆಯಿತು. ಉಳಿದ 32 ಜನರ ಸಾಲಿನಲ್ಲಿ ನಮ್ಮಲ್ಲಿ ಎಷ್ಟೋ ಜನ ಇದ್ದೆವು. ಆದರೆ ಇದು ಯಾವ ನೂರು? ತೊಟ್ಟಿಲ ಕೂಸನ್ನೂ ಸೇರಿಸಿ ಎಣಿಸಿದರೇ? ಇಲ್ಲ. ಏಳು ವರ್ಷ ತುಂಬಿದವರನ್ನು ಮಾತ್ರ ಎಣಿಸಿದರು. ಕೂಸಿಗೆ ಓದು ಬರುವುದಿಲ್ಲ ಅಂತ ಯಾರು ತಾನೇ ದೂರುತ್ತಾರೆ!

ಈ ಪ್ರಶ್ನೆಯನ್ನು ಮರೆಯಬೇಡಿ. ನೂರಕ್ಕೆ ಇಷ್ಟು ಅಂತ ಯಾರೇ ಹೇಳಲಿ, "ಯಾವುದರ ನೂರಕ್ಕೆ?" ಅಂತ ಕೇಳಬೇಕು. ಈ ಪಾಠದ ಉದ್ದಕ್ಕೂ ನಾವು ಇದನ್ನೇ ಕೇಳುತ್ತಾ ಹೋಗುತ್ತೇವೆ.

ಬಾಯಿ ಲೆಕ್ಕ

ಹತ್ತು ಸಾವಿರವನ್ನು ಅಂಕಿಯಲ್ಲಿ ಬರೆಯಿರಿ: 10,000. ಕೊನೆಯ ಎರಡು ಸೊನ್ನೆ ಬೆರಳಿನಿಂದ ಮುಚ್ಚಿ. 100 ಉಳಿಯಿತು. ಅದೇ ನೂರಕ್ಕೆ ಒಂದು, ಅಂದರೆ 1%. ಒಂದೇ ಸೊನ್ನೆ ಮುಚ್ಚಿದರೆ 1,000. ಅದು 10%.

12% ಬೇಕೇ? 10% ತಗೊಳ್ಳಿ, 1,000. 1% ಎರಡು ಸಲ ತಗೊಳ್ಳಿ, 200. ಕೂಡಿಸಿ. 1,200 ರೂಪಾಯಿ.

ಕೊನೆಯಲ್ಲಿ ಸೊನ್ನೆ ಇಲ್ಲದ ಸಂಖ್ಯೆ ಬಂದರೆ ಮೊಬೈಲಿನಲ್ಲಿ ಮಾಡಿ. ಮೊದಲು ಸಂಬಳ ಒತ್ತಿ. ಗುಣಿಸುವ ಗುರುತು ಒತ್ತಿ. 12 ಒತ್ತಿ. ಭಾಗಿಸುವ ಗುರುತು ಒತ್ತಿ, 100 ಒತ್ತಿ. ಉತ್ತರ ಬರುತ್ತದೆ. ಮಕ್ಕಳ ಕೈಗೆ ಮೊಬೈಲ್ ಕೊಟ್ಟು "ನೀನೇ ಮಾಡು" ಅನ್ನಬೇಡಿ. ನೀವೇ ಒತ್ತಿ.

ಸಂಬಳದ ಚೀಟಿ

ಪೀಣ್ಯದಲ್ಲಿ ಗಾರ್ಮೆಂಟ್ಸಿಗೆ ಹೋಗುವವರು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪ್ಯಾಕಿಂಗ್ ಮಾಡುವವರು, ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳಲ್ಲಿ ಹೌಸ್‌ಕೀಪಿಂಗ್ ಮಾಡುವವರು, ಎಲ್ಲರ ಚೀಟಿಯಲ್ಲೂ ಹೆಚ್ಚು ಕಡಿಮೆ ಇವೇ ಸಾಲುಗಳು ಇರುತ್ತವೆ. ನಾವು ಇಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 10,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ಬಾಯಲ್ಲಿ ಲೆಕ್ಕ ಮಾಡಲು ಸುಲಭವಾಗಲಿ ಅಂತ ದುಂಡು ಸಂಖ್ಯೆ ಹಿಡಿದಿದ್ದೇವೆ. ಸರ್ಕಾರ ಗೊತ್ತು ಮಾಡಿದ ಕನಿಷ್ಠ ವೇತನ ಇಷ್ಟೇ ಅಂತ ತಿಳಿಯಬೇಡಿ. ಅದು ಬೇರೆ.

ಪಿ.ಎಫ್. 12%. ಹತ್ತು ಸಾವಿರಕ್ಕೆ 1,200. ಇದು ನಮ್ಮ ಸಂಬಳದಿಂದ ಹಿಡಿದ ಹಣ. ಕಂಪನಿಯೂ ಅಷ್ಟೇ ಹಾಕಬೇಕು, 1,200.

ಇ.ಎಸ್.ಐ. 0.75%. ಈ ಸಂಖ್ಯೆ ನೋಡಿ ಹೆದರಬೇಡಿ. ಚುಕ್ಕಿಯ ಮುಂದೆ ಇರುವುದು ಪೈಸೆ ಅಂದುಕೊಳ್ಳಿ. ನೂರು ರೂಪಾಯಿಗೆ 75 ಪೈಸೆ. ಸಾವಿರಕ್ಕೆ ಏಳೂವರೆ ರೂಪಾಯಿ. ಹತ್ತು ಸಾವಿರಕ್ಕೆ 75 ರೂಪಾಯಿ. ಕಂಪನಿ ನೂರಕ್ಕೆ 3 ರೂಪಾಯಿ 25 ಪೈಸೆಯಂತೆ 325 ರೂಪಾಯಿ ಕಟ್ಟಬೇಕು. 2019ರ ಜುಲೈ 1ಕ್ಕೆ ಮೊದಲು ನಮ್ಮಿಂದ ನೂರಕ್ಕೆ 1 ರೂಪಾಯಿ 75 ಪೈಸೆ ಹಿಡಿಯುತ್ತಿದ್ದರು. ಅಂದರೆ 175 ರೂಪಾಯಿ. ಚುಕ್ಕಿಯ ಹಿಂದಿನ ಒಂದು ಅಂಕಿ ಹೋಯಿತು, ತಿಂಗಳಿಗೆ ನೂರು ರೂಪಾಯಿ ಕೈಯಲ್ಲಿ ಉಳಿಯಿತು. ನಿಮ್ಮ ಚೀಟಿಯಲ್ಲಿ ಇನ್ನೂ 1.75ರ ಲೆಕ್ಕದಲ್ಲೇ ಹಿಡಿಯುತ್ತಿದ್ದರೆ ಕೇಳಲೇಬೇಕು.

ಈ 75 ರೂಪಾಯಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಂಥ ಕಡೆ ನಮಗೂ ಮನೆಯವರಿಗೂ ಚಿಕಿತ್ಸೆ ಇದೆ. ಕಾಯಿಲೆ ಬಿದ್ದು ರಜೆ ಹಾಕಿದರೆ, ವೈದ್ಯರ ಚೀಟಿ ಇದ್ದು, ಮುಂಚೆ ಸಾಕಷ್ಟು ದಿನದ ಹಣ ಕಟ್ಟಿದ್ದರೆ, ಕೂಲಿಯ 70% ಸಿಗುತ್ತದೆ. ವರ್ಷಕ್ಕೆ 91 ದಿನದವರೆಗೆ. ಸಾವಿರ ರೂಪಾಯಿ ಕೂಲಿ ಹೋದ ಕಡೆ ಏಳುನೂರು ರೂಪಾಯಿ. ಇದನ್ನು ತಿಳಿಯದೆ ಜ್ವರದಲ್ಲೇ ಮೆಷಿನ್ ಮುಂದೆ ಕೂತವರು ನಮ್ಮಲ್ಲಿ ಕಮ್ಮಿ ಇಲ್ಲ.

ಬೋನಸ್ಸಿನ ಮಾತೂ ಇಲ್ಲೇ ಹೇಳಿಬಿಡೋಣ. ಕಾನೂನಿನ ಪ್ರಕಾರ ಅದು ಕಡಿಮೆ ಅಂದರೆ 8.33%. ಇದೆಂಥ ವಿಚಿತ್ರ ಸಂಖ್ಯೆ ಅನ್ನಿಸುತ್ತದೆ. ನೂರನ್ನು ಹನ್ನೆರಡು ಪಾಲು ಮಾಡಿ. ಒಂದು ಪಾಲಿಗೆ 8 ರೂಪಾಯಿ 33 ಪೈಸೆ ಬರುತ್ತದೆ. ಹನ್ನೆರಡು ತಿಂಗಳು ದುಡಿದರೆ ಒಂದು ತಿಂಗಳ ಪಾಲು, ಅಷ್ಟೇ. ಆದರೆ ಇಲ್ಲೂ "ಯಾವುದರ ನೂರಕ್ಕೆ?" ಅಂತ ಕೇಳಿ. ಬೋನಸ್ ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ ಒಂದು ಮಿತಿ ಇರುತ್ತದೆ. ನಿಮ್ಮ ಪೂರ್ತಿ ಸಂಬಳಕ್ಕೇ ಲೆಕ್ಕ ಹಾಕಿರುತ್ತಾರೆ ಅಂತಿಲ್ಲ.

367 ರೂಪಾಯಿ

ನಮ್ಮ ಸಂಜೆ ತರಗತಿಗೆ ಒಬ್ಬಾಕೆ ಅಳುತ್ತಾ ಬಂದಳು. ಮಗನ ಕೈಯಲ್ಲಿ ಮೊಬೈಲಿನಲ್ಲಿ ಪಿ.ಎಫ್. ಪಾಸ್‌ಬುಕ್ ತೆಗೆಸಿದ್ದಳು.

"ಅಕ್ಕಾ, ಮೋಸ ಆಗಿದೆ. ನನ್ನ ಹಣ ಪೂರ್ತಿ ಹಾಕಿದ್ದಾರೆ. ಕಂಪನಿ ಹಣ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ ಇದೆ!"

ನಾವೆಲ್ಲ ಸುತ್ತ ಕೂತು ನೋಡಿದೆವು. ನಮ್ಮ ದುಂಡು ಸಂಖ್ಯೆಯಲ್ಲಿ ಹೇಳುವುದಾದರೆ, ಅವಳ ಸಾಲಿನಲ್ಲಿ 1,200 ಇತ್ತು. ಕಂಪನಿಯ ಸಾಲಿನಲ್ಲಿ 367 ಮಾತ್ರ ಇತ್ತು. ನಮಗೂ ಗಾಬರಿಯಾಯಿತು. ಆಮೇಲೆ ಪಕ್ಕದ ಮೂರನೆಯ ಸಾಲು ಕಣ್ಣಿಗೆ ಬಿತ್ತು. ಪಿಂಚಣಿ, 833.

367 ಮತ್ತು 833 ಕೂಡಿಸಿ. ಎಷ್ಟಾಯಿತು? 1,200.

ಮೋಸ ಆಗಿರಲಿಲ್ಲ. ಕಂಪನಿಯ 12% ಎರಡು ಗಂಟಾಗುತ್ತದೆ. 8.33% ಪಿಂಚಣಿ ಗಂಟಿಗೆ, ಉಳಿದ 3.67% ಪಿ.ಎಫ್. ಗಂಟಿಗೆ. ಅವಳು ಕಣ್ಣೊರೆಸಿಕೊಂಡು, "ಮೂರು ವರ್ಷದಿಂದ ಸೂಪರ್‌ವೈಸರನ್ನ ಮನಸ್ಸಲ್ಲೇ ಬೈತಿದ್ದೆ" ಅಂದಳು. ಬೈಯುವುದಕ್ಕೆ ಬೇರೆ ಕಾರಣ ಇರಬಹುದು, ಅದು ಬಿಡಿ.

ಈ 3.67% ಸಣ್ಣದು ಅನ್ನಿಸಬಹುದು. ಆದರೆ ಇದೇ ಪಾಲಿಗಾಗಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಬೀದಿಗೆ ಇಳಿದದ್ದು ಉಂಟು. 2016ರ ಏಪ್ರಿಲ್ 18 ಮತ್ತು 19ರ ಮಾತು. ಅದೇ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿ.ಎಫ್. ನಿಯಮ ಬದಲಾಯಿಸಿತ್ತು. ಅದಕ್ಕೆ ಮೊದಲು ಕೆಲಸ ಬಿಟ್ಟು ಎರಡು ತಿಂಗಳು ಬೇರೆ ಕೆಲಸ ಸಿಗದಿದ್ದರೆ ಪಿ.ಎಫ್. ಹಣ ಪೂರ್ತಿ ತೆಗೆಯಬಹುದಿತ್ತು. ಹೊಸ ನಿಯಮದಲ್ಲಿ ನಮ್ಮ ಪಾಲು ಮತ್ತು ಅದರ ಬಡ್ಡಿ ಮಾತ್ರ ಸಿಗುತ್ತದೆ, ಕಂಪನಿ ಹಾಕಿದ ಪಾಲು 58 ವರ್ಷ ತುಂಬುವವರೆಗೆ ಸಿಗುವುದಿಲ್ಲ ಅಂತಾಯಿತು.

ಐವತ್ತೆಂಟು ವರ್ಷ! ಗಾರ್ಮೆಂಟ್ಸಿನಲ್ಲಿ ಆ ವಯಸ್ಸಿನವರೆಗೆ ಮೆಷಿನ್ ತುಳಿಯುವವರು ಯಾರಿದ್ದಾರೆ? ಮದುವೆ, ಹೆರಿಗೆ, ಬೆನ್ನು ನೋವು, ಊರಿನ ಅತ್ತೆ ಮಾವ, ಏನೋ ಒಂದು ಬಂದು ಕೆಲಸ ಬಿಡುತ್ತೇವೆ. ಬಿಟ್ಟಾಗ ಕೈಗೆ ಬರುವ ದೊಡ್ಡ ಹಣ ಅದೊಂದೇ. ಮಗಳ ಫೀಸು, ಊರಲ್ಲಿ ಮನೆಯ ತಗಡು, ಬಿಡಿಸಬೇಕಾದ ಓಲೆ, ಎಲ್ಲಕ್ಕೂ ಅದನ್ನೇ ನಂಬಿರುತ್ತೇವೆ.

ಲೆಕ್ಕ ಹಾಕಿ ನೋಡಿ. ತಿಂಗಳಿಗೆ 367. ಹನ್ನೆರಡು ತಿಂಗಳಿಗೆ 4,404. ಐದು ವರ್ಷಕ್ಕೆ 22,020 ರೂಪಾಯಿ. ಬಡ್ಡಿ ಬೇರೆ. ನೂರಕ್ಕೆ ಮೂರೂವರೆ ಚಿಲ್ಲರೆ ಅಂದರೆ ಏನೂ ಅಲ್ಲ ಅನ್ನಿಸಿತ್ತಲ್ಲವೇ?

ಹೊಸೂರು ರಸ್ತೆಯ ಬೊಮ್ಮನಹಳ್ಳಿ ಕಡೆಯ ಕಾರ್ಖಾನೆಗಳ ಹೆಂಗಸರು ಹೊರಗೆ ಬಂದು ರಸ್ತೆಯಲ್ಲಿ ಕೂತರು. ಮಾರನೆಯ ದಿನ ತುಮಕೂರು ರಸ್ತೆ, ಪೀಣ್ಯ, ಜಾಲಹಳ್ಳಿ ಕ್ರಾಸ್, ಹೆಬ್ಬಗೋಡಿಯವರೆಗೂ ಹಬ್ಬಿತು. ಸಾವಿರಾರು ಜನ. ಹೆಚ್ಚಿನವರು ಹೆಂಗಸರು. ಎರಡನೆಯ ದಿನ ಕಲ್ಲು ಬಿದ್ದವು, ವಾಹನಗಳಿಗೆ ಬೆಂಕಿ ಬಿತ್ತು, ಪೊಲೀಸರು ಲಾಠಿ ಬೀಸಿದರು. ಪೆಟ್ಟು ತಿಂದವರಲ್ಲಿ ಹೆಂಗಸರೂ ಇದ್ದರು. ಬೆಂಕಿ ಹಚ್ಚಿದ್ದು ಸರಿ ಅಂತ ನಾವು ಹೇಳುವುದಿಲ್ಲ. ಆದರೆ ರಸ್ತೆಯಲ್ಲಿ ಕೂತ ಹೆಂಗಸರ ಲೆಕ್ಕ ತಪ್ಪಿರಲಿಲ್ಲ. ಏಪ್ರಿಲ್ 19ರಂದೇ ಕೇಂದ್ರ ಸರ್ಕಾರ ಆ ನಿಯಮ ಹಿಂದಕ್ಕೆ ತೆಗೆದುಕೊಂಡಿತು.

ಪಿ.ಎಫ್. ತೆಗೆಯುವ ನಿಯಮಗಳು ಆಮೇಲೂ ಬದಲಾಗುತ್ತಾ ಬಂದಿವೆ. ಹಣ ತೆಗೆಯುವ ಮುಂಚೆ ಆಗಿನ ನಿಯಮ ಏನು ಅಂತ ಪಿ.ಎಫ್. ಕಚೇರಿಯಲ್ಲಿ ಕೇಳಿ. ನಿಮ್ಮ ಗಂಟಿನಲ್ಲಿ ಎಷ್ಟಿದೆ ಅಂತ ತಿಳಿಯಲು ಕಚೇರಿಗೆ ಅಲೆಯಬೇಕಾಗಿಲ್ಲ. ಪಿ.ಎಫ್.ಗೆ ಕೊಟ್ಟಿರುವ ಮೊಬೈಲ್ ನಂಬರಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಮೆಸೇಜ್ ಬರುತ್ತದೆ. ಮುಂಚೆ ನಿಮ್ಮ 12 ಅಂಕಿಯ ಪಿ.ಎಫ್. ಸಂಖ್ಯೆಗೆ ಆಧಾರ್ ಇಲ್ಲವೇ ಬ್ಯಾಂಕ್ ಖಾತೆ ಜೋಡಿಸಿರಬೇಕು.

ಸಂಬಳವನ್ನು ತುಂಡು ಮಾಡಿದರೆ?

ಈಗ ಒಂದು ಚಮತ್ಕಾರ ನೋಡಿ. ಇಬ್ಬರಿಗೂ 10,000 ಸಂಬಳ. ಒಬ್ಬಳ ಚೀಟಿಯಲ್ಲಿ ಪಿ.ಎಫ್. 1,200. ಇನ್ನೊಬ್ಬಳ ಚೀಟಿಯಲ್ಲಿ 480. ಎರಡೂ 12 ಪರ್ಸೆಂಟೇ! ಹೇಗೆ?

ಎರಡನೆಯವಳ ಚೀಟಿಯಲ್ಲಿ ಮೂಲ ವೇತನ 4,000 ಅಂತ ಬರೆದಿದ್ದಾರೆ. ಉಳಿದ 6,000ವನ್ನು ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ ಅಂತ ತುಂಡು ಮಾಡಿದ್ದಾರೆ. ಪಿ.ಎಫ್. ಹಿಡಿದದ್ದು 4,000ಕ್ಕೆ ಮಾತ್ರ. ಅವಳಿಗೆ ಕೈಗೆ 720 ರೂಪಾಯಿ ಜಾಸ್ತಿ ಬರುತ್ತದೆ. "ನಮ್ಮ ಕಂಪನೀನೇ ವಾಸಿ" ಅನ್ನುತ್ತಾಳೆ. ಆದರೆ ಅವಳ ಹೆಸರಿಗೆ ಕಂಪನಿ ಹಾಕಬೇಕಾದ ಹಣವೂ 720 ಕಮ್ಮಿಯಾಯಿತು. ವರ್ಷಕ್ಕೆ 8,640. ಅದು ಅವಳ ಕೈಗೂ ಬರಲಿಲ್ಲ, ಗಂಟಿಗೂ ಬೀಳಲಿಲ್ಲ.

2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಇದಕ್ಕೆ ಒಂದು ಕಡಿವಾಣ ಹಾಕಿವೆ. ಇಂಥ ಭತ್ಯೆಗಳು ಒಟ್ಟು ಸಂಬಳದ ಅರ್ಧ, ಅಂದರೆ 50% ದಾಟಿದರೆ, ದಾಟಿದಷ್ಟನ್ನೂ ವೇತನ ಅಂತಲೇ ಲೆಕ್ಕಕ್ಕೆ ಹಿಡಿಯಬೇಕು. ಇವಳ ಭತ್ಯೆ 6,000. ಅರ್ಧ ಅಂದರೆ 5,000. ದಾಟಿದ್ದು 1,000. ಅದನ್ನು ಮೂಲ ವೇತನಕ್ಕೆ ಸೇರಿಸಿದರೆ 5,000. ಅದರ 12% ಎಷ್ಟು? 600. ಹೀಗೆ ಆಫೀಸಿನವರ ಮುಂದೆ ಅಂಕಿ ಇಟ್ಟು ಕೇಳಿದರೆ, "ನಿಂಗೇನು ಗೊತ್ತಾಗುತ್ತೆ ಹೋಗಮ್ಮಾ" ಅನ್ನುವುದು ಅವರಿಗೂ ಕಷ್ಟ.

ಬೋರ್ಡಿನ ಮೇಲಿನ ಪರ್ಸೆಂಟ್

ಗಾರ್ಮೆಂಟ್ಸಿನಲ್ಲಿ ಲೈನಿನ ತುದಿಗೆ ಒಂದು ಬೋರ್ಡ್ ಇರುತ್ತದೆ. ಗಂಟೆಗೆ ಟಾರ್ಗೆಟ್ ಎಷ್ಟು, ಪೀಸ್ ಎಷ್ಟು ಬಂತು, ಎಲ್ಲ ಬರೆಯುತ್ತಾರೆ. ಟಾರ್ಗೆಟ್ 80, ಹೊಲಿದದ್ದು 60 ಅಂದರೆ 75%. (60ನ್ನು 100ರಿಂದ ಗುಣಿಸಿ, 80ರಿಂದ ಭಾಗಿಸಿ.) ಮುಂದಿನ ವಾರ ಟಾರ್ಗೆಟ್ 100 ಮಾಡುತ್ತಾರೆ. ನಾವು ಅದೇ 60 ಹೊಲಿಯುತ್ತೇವೆ. ಬೋರ್ಡಿನಲ್ಲಿ 60% ಅಂತ ಬೀಳುತ್ತದೆ. "ಹದಿನೈದು ಪರ್ಸೆಂಟ್ ಇಳಿದಿದೆ, ಏನ್ರಮ್ಮಾ ನಿದ್ದೆ ಮಾಡ್ತಿದ್ದೀರಾ?" ಅಂತ ಬೈಗುಳ ಬೇರೆ.

ನಮ್ಮ ಕೈ ನಿಧಾನವಾಯಿತೇ? ಒಂದು ಪೀಸೂ ಕಮ್ಮಿಯಾಗಿಲ್ಲ. ಬದಲಾದದ್ದು ಯಾವುದು? ಕೆಳಗಿನ ಸಂಖ್ಯೆ. ನಮ್ಮಲ್ಲಿ ಎಷ್ಟೋ ಜನ ಆ ಬೈಗುಳ ಕೇಳಿ, ನಮ್ಮದೇ ತಪ್ಪಿರಬೇಕು ಅಂತ ನೀರು ಕುಡಿಯಲೂ ಏಳದೆ ಹೊಲಿದಿದ್ದೇವೆ.

ಆಷಾಢದ ಸೀರೆ, ವಾರದ ಸಾಲ

ಆಷಾಢದಲ್ಲಿ ಅಂಗಡಿಯ ಮುಂದೆ "50% + 20% ರಿಯಾಯಿತಿ" ಅಂತ ಬೋರ್ಡ್ ಹಾಕುತ್ತಾರೆ. ಎಪ್ಪತ್ತು ಪರ್ಸೆಂಟ್ ಬಿಟ್ಟರು ಅಂತ ನುಗ್ಗುತ್ತೇವೆ. ಸೀರೆಗೆ 1,000 ಅಂತ ಇಟ್ಟುಕೊಳ್ಳಿ. ಅರ್ಧ ಬಿಟ್ಟರೆ 500. ಆಮೇಲಿನ 20% ಸಾವಿರಕ್ಕಲ್ಲ, ಈ 500ಕ್ಕೆ. ಅಂದರೆ 100. ನಾವು ಕೊಡಬೇಕಾದ್ದು 400. ಮುನ್ನೂರು ಹಿಡಿದುಕೊಂಡು ಹೋದರೆ ಬಿಲ್ ಕೌಂಟರಿನಲ್ಲಿ ಪೇಚಾಟ.

ಸೀರೆಯಲ್ಲಿ ನೂರು ರೂಪಾಯಿ ಹೋಗುತ್ತದೆ. ಸಾಲದಲ್ಲಿ ಸಂಸಾರವೇ ಹೋಗುತ್ತದೆ. "ಹತ್ತು ಸಾವಿರ ಸಾಲ, ಬರೀ ಹತ್ತು ಪರ್ಸೆಂಟ್" ಅಂತ ಹೇಳಿ, ಆ ಸಾವಿರವನ್ನು ಮೊದಲೇ ಮುರಿದುಕೊಂಡು 9,000 ಕೈಗೆ ಕೊಡುತ್ತಾರೆ. ವಾರಕ್ಕೆ ಸಾವಿರದಂತೆ ಹತ್ತು ವಾರ ಕಟ್ಟಬೇಕು. ಯಾವುದರ ನೂರಕ್ಕೆ? ನಮಗೆ ಬಂದದ್ದು 9,000. ಅದಕ್ಕೆ ಬಡ್ಡಿ 1,000. ನೂರಕ್ಕೆ 11 ಆಯಿತು. ಎಷ್ಟು ದಿನಕ್ಕೆ? ಹತ್ತೇ ವಾರಕ್ಕೆ. ವರ್ಷದಲ್ಲಿ ಇಂಥ ಹತ್ತು ವಾರ ಐದು ಸಲ ಬರುತ್ತವೆ. ನೂರಕ್ಕೆ 55! ವಾರ ವಾರ ಅಸಲು ಕರಗುವುದನ್ನೂ ಲೆಕ್ಕಕ್ಕೆ ಹಿಡಿದರೆ ಇನ್ನೂ ಜಾಸ್ತಿ.

ಬಾಗಿಲಲ್ಲಿ ನಿಂತು ಲೆಕ್ಕ ಹಾಕಿದ ಆ "ನೂರಕ್ಕೆ ಮೂರು" ನೆನಪಿದೆಯಲ್ಲ? ಅದು ತಿಂಗಳಿಗೆ. ವರ್ಷಕ್ಕೆ ನೂರಕ್ಕೆ 36. ಪಿ.ಎಫ್. ಗಂಟಿಗೆ 2024-25ರಲ್ಲಿ ಸಿಕ್ಕ ಬಡ್ಡಿ ವರ್ಷಕ್ಕೆ ನೂರಕ್ಕೆ 8 ರೂಪಾಯಿ 25 ಪೈಸೆ. "ಮೂರಕ್ಕಿಂತ ಎಂಟು ದೊಡ್ಡದು, ಸಾಲ ಮಾಡಿದ್ರೆ ಏನಂತೆ" ಅಂತ ನಮ್ಮ ತರಗತಿಯಲ್ಲೇ ಒಬ್ಬಳು ಅಂದಿದ್ದಳು. ಒಂದು ತಿಂಗಳ ಲೆಕ್ಕ, ಒಂದು ವರ್ಷದ ಲೆಕ್ಕ. ಎರಡನ್ನೂ ವರ್ಷಕ್ಕೆ ತಂದು ಪಕ್ಕಪಕ್ಕ ಬರೆದಾಗ ಅವಳೇ ತಲೆ ಮೇಲೆ ಕೈ ಹೊತ್ತಳು.

ನೀವೇ ಮಾಡಿ

ಮನೆ ಮಾಲೀಕರು 4,000 ಬಾಡಿಗೆಗೆ 10% ಏರಿಸಿದರು. ಕಂಪನಿಯವರು 10,000 ಸಂಬಳಕ್ಕೆ 5% ಏರಿಸಿದರು. ಬಾಡಿಗೆ ಎಷ್ಟು ಏರಿತು? ಸಂಬಳ ಎಷ್ಟು ಏರಿತು? ಹೊಸ 10,500 ಪೂರ್ತಿ ಪಿ.ಎಫ್. ಲೆಕ್ಕಕ್ಕೆ ಬಂದರೆ, ಏರಿದ ಸಂಬಳದಲ್ಲಿ ಪಿ.ಎಫ್. ಮತ್ತು ಇ.ಎಸ್.ಐ. ಹಿಡಿದು ಕೈಗೆ ಎಷ್ಟು ಜಾಸ್ತಿ ಬರುತ್ತದೆ? ಏರಿದ ಬಾಡಿಗೆ ಕೊಟ್ಟ ಮೇಲೆ ಉಳಿಯುವುದೆಷ್ಟು?

ಉತ್ತರ ಇಲ್ಲಿ ಬರೆದಿಲ್ಲ. ನಾಳೆ ತರಗತಿಗೆ ಬರುವಾಗ ನಿಮ್ಮ ಹೋದ ತಿಂಗಳ ಸಂಬಳದ ಚೀಟಿ ತನ್ನಿ. ಇದರ ಉತ್ತರ ಹೇಳಿದ ಮೇಲೆ ಅದನ್ನೂ ಬಿಡಿಸಿ ನೋಡೋಣ. ಚೀಟಿಯನ್ನೇ ಕೊಡದ ಕಂಪನಿಯಲ್ಲಿ ಇರುವವರು ಬರಿಗೈಯಲ್ಲಿ ಬಂದರೂ ಸರಿ. ಚೀಟಿ ಕೊಡಿ ಅಂತ ಅರ್ಜಿ ಬರೆಯುವುದನ್ನು ಅಂದೇ ಕಲಿಯೋಣ.